ಸರ್ವರ್ ಬಿದ್ದಾಗ ರೀಸ್ಟಾರ್ಟ್ ಮಾಡಿ ಮಲಗೋದು ಸಾಕು

ಕಳೆದ ನವೆಂಬರ್‌ನಲ್ಲಿ ನಮ್ಮ ಕ್ಲಬ್ಬಿನ ರಾಜ್ಯೋತ್ಸವ ಕ್ವಿಜ್ ಅರ್ಧಕ್ಕೇ ನಿಂತಿದ್ದು ನಿಮಗೆ ನೆನಪಿರಬಹುದು. ಮೂರನೇ ರೌಂಡ್ ನಡೀತಾ ಇದ್ದಾಗ ಎಲ್ಲರ ಮೊಬೈಲ್‌ನಲ್ಲೂ ಚಕ್ರ ತಿರುಗೋಕೆ ಶುರುವಾಯ್ತು. ರೀಸ್ಟಾರ್ಟ್ ಮಾಡಿದೆವು, ಆದರೆ ಸ್ಕೋರ್ ಎಲ್ಲಾ ಸೊನ್ನೆ. ಆಮೇಲೆ ಬೈಗುಳ ತಿಂದವನು ವೆಬ್ ಪೇಜ್ ಮಾಡಿಕೊಟ್ಟಿದ್ದ ಫಸ್ಟ್ ಇಯರ್ ಹುಡುಗ. "ಜೂನಿಯರ್ ಕೈಗೆ ಯಾಕ್ರೋ ಕೊಟ್ರಿ?" ಅಂತ ಸೀನಿಯರ್‌ಗಳು ಕೇಳಿದಾಗ ನಾವು ಬಾಯಿ ಬಿಡಲಿಲ್ಲ. ಅವನು ಗ್ರೂಪ್ ಬಿಟ್ಟು ಹೋದ.

ತಪ್ಪು ಅವನದಲ್ಲ. ಸರ್ವರ್ ಬರೆದವರು ನಾವು, ಆರ್.ಟಿ. ನಗರದ ಬಾಡಿಗೆ ಮನೆಯ ಮೊದಲ ಮಹಡಿಯಲ್ಲಿರುವ ನಾಲ್ಕು ಜನ. ಅದು ಗೊತ್ತಾಗೋಕೆ ನಮಗೆ ಮೂರು ವಾರ ಹಿಡೀತು.

ಸರ್ವರ್ ಸತ್ತದ್ದು ಮೆಮೊರಿ ಖಾಲಿಯಾಗಿ. ಡಿಮೆಸೇಜ್ ಹೊಡೆದು ನೋಡಿದ್ರೆ ಲಿನಕ್ಸ್ ಕರ್ನಲ್ಲೇ ನಮ್ಮ ಪ್ರೋಗ್ರಾಮನ್ನು ಕೊಂದಿತ್ತು. ಮೆಮೊರಿ ಲೀಕ್ ಅನ್ನೋದಕ್ಕೆ ಕನ್ನಡದಲ್ಲಿ 'ಸೋರಿಕೆ' ಅಂತಾರೆ. ಆದರೆ ಇಲ್ಲಿ ಏನೂ ಹೊರಗೆ ಸೋರಲ್ಲ. ಮೆಸ್ಸಿನಿಂದ ತಟ್ಟೆ ರೂಮಿಗೆ ತಗೊಂಡು ಹೋಗಿ ವಾಪಸ್ ಕೊಡದೇ ಇರೋ ಥರ ಇದು. ತಟ್ಟೆ ಎಲ್ಲೂ ಹೋಗಿಲ್ಲ, ಮಂಚದ ಕೆಳಗಿದೆ. ಮೆಸ್ ಅಣ್ಣನಿಗೆ ಮಾತ್ರ ಬಡಿಸೋಕೆ ತಟ್ಟೆ ಇಲ್ಲ.

ನಮ್ಮ ಕೋಡ್‌ನಲ್ಲಿ ಪ್ರತಿ ಕನೆಕ್ಷನ್‌ಗೂ 64 ಕೆಬಿ ಬಫರ್ ತಗೊಂಡು ಸೊನ್ನೆ ತುಂಬಿಸ್ತಿದ್ದೆವು. ಮೊಬೈಲ್ ಸರಿಯಾಗಿ ಕನೆಕ್ಷನ್ ಮುಚ್ಚಿದರೆ ಫ್ರೀ ಆಗ್ತಿತ್ತು. ರೀಡ್ ಎರರ್ ಬಂದರೆ ಸಾಕೆಟ್ ಮುಚ್ಚಿ ಮುಂದೆ ಹೋಗ್ತಿದ್ದೆವು, ಫ್ರೀ ಮಾಡೋದು ಮರೆತೇ ಹೋಗಿತ್ತು. ಆವತ್ತು ಹಾಲ್‌ನ ವೈಫೈ ಬಿದ್ದು ಎದ್ದು ಮಾಡ್ತಿತ್ತು. ಪೇಜ್ ಪಾಪ, ಪ್ರತಿ ಸಲ ಮತ್ತೆ ಕನೆಕ್ಟ್ ಆಗ್ತಿತ್ತು. ಲೆಕ್ಕ ಹಾಕಿ: 160 ಮೊಬೈಲ್, ಒಂದೊಂದೂ 100 ಸಲ ಕನೆಕ್ಷನ್ ಕಳೆದುಕೊಂಡರೆ 16,000 ಬಫರ್, ಅಂದರೆ ಹತ್ತಿರ ಹತ್ತಿರ 1 ಜಿಬಿ. ನಾವು ಬಾಡಿಗೆಗೆ ತಗೊಂಡಿದ್ದ ಮೆಷಿನ್ ಇದ್ದದ್ದೇ ಅಷ್ಟು.

ಹಿಂದಿನ ದಿನ ಟೆಸ್ಟ್ ಮಾಡಿದ್ವಲ್ಲ ಅಂತ ನಾವೂ ವಾದ ಮಾಡಿದ್ದೆವು. ಮಾಡಿದ್ದು ಹೌದು. ನಾಲ್ಕು ಲ್ಯಾಪ್‌ಟಾಪ್, ಐದು ನಿಮಿಷ, ಒಳ್ಳೇ ವೈಫೈ.

ನಮ್ಮ ತಕರಾರು ಇಲ್ಲೇ ಇರೋದು. ನಮ್ಮ ಲ್ಯಾಬ್‌ಗಳಲ್ಲಿ ಸಾಕೆಟ್ ಪ್ರೋಗ್ರಾಂ ಬರೀತೀವಿ, ಔಟ್‌ಪುಟ್ ತೋರಿಸ್ತೀವಿ, ರೆಕಾರ್ಡ್‌ಗೆ ಸಹಿ ಬೀಳುತ್ತೆ. ಪ್ರೋಗ್ರಾಂ ಬದುಕೋದೇ ಎರಡು ನಿಮಿಷ. ಅದು ಮುಗಿದ ತಕ್ಷಣ ಆಪರೇಟಿಂಗ್ ಸಿಸ್ಟಮ್ ಎಲ್ಲಾ ಮೆಮೊರಿ ವಾಪಸ್ ತಗೊಳ್ಳುತ್ತೆ, ಹಾಗಾಗಿ ಫ್ರೀ ಬರೆದರೂ ಅಷ್ಟೇ ಬರೆಯದಿದ್ದರೂ ಅಷ್ಟೇ. ಸರ್ವರ್ ತಿಂಗಳುಗಟ್ಟಲೆ ಓಡಬೇಕು. ಅದಕ್ಕಿಂತ ಮುಖ್ಯ, ನಮ್ಮಂಥ ಲೀಕ್ ಕಾಣಿಸಿಕೊಳ್ಳೋದು ಎಲ್ಲಾ ಸರಿಯಾಗಿದ್ದಾಗ ಅಲ್ಲ, ನೆಟ್‌ವರ್ಕ್ ಕೈಕೊಟ್ಟಾಗ. ಆ ದಾರಿಯನ್ನು ಯಾವ ಲ್ಯಾಬ್‌ನಲ್ಲೂ ನಾವು ಓಡಿಸಿ ನೋಡಿಲ್ಲ.

ಇದು ಬರೀ ಹುಡುಗರ ತಪ್ಪು ಅಂದ್ಕೋಬೇಡಿ. 2012ರ ಅಕ್ಟೋಬರ್ 22ರಂದು ಅಮೆಜಾನ್‌ನ ಕ್ಲೌಡ್ ಅಮೆರಿಕದ ಪೂರ್ವ ಭಾಗದಲ್ಲಿ ಕೈಕೊಟ್ಟಿತು, ರೆಡಿಟ್‌ನಂಥ ಸೈಟ್‌ಗಳೂ ಬಿದ್ದವು. ಮಾಹಿತಿ ಸಂಗ್ರಹಿಸುವ ಒಂದು ಸರ್ವರ್ ಬದಲಾಯಿಸಿದ್ದರು. ಹೊಸ ವಿಳಾಸ ಡಿಎನ್‌ಎಸ್ ಮೂಲಕ ಎಲ್ಲಾ ಕಡೆ ತಲುಪಲಿಲ್ಲ. ಕೆಲವು ಸ್ಟೋರೇಜ್ ಸರ್ವರ್‌ಗಳು ಹಳೇ ವಿಳಾಸವನ್ನೇ ಮತ್ತೆ ಮತ್ತೆ ತಟ್ಟುತ್ತಾ ಪ್ರತಿ ಸಲ ಸ್ವಲ್ಪ ಸ್ವಲ್ಪ ಮೆಮೊರಿ ನುಂಗಿದವು. ಓದಿದಾಗ ನಮಗೆ ಮೈ ಜುಮ್ ಅಂತು. ಥೇಟ್ ನಮ್ಮ ಕ್ವಿಜ್!

ಹಾಗಾದರೆ ಹುಡುಕೋದು ಹೇಗೆ? ಮೊದಲು ನಾವು ಕೋಡ್ ದಿಟ್ಟಿಸಿಕೊಂಡು ಒಂದು ವಾರ ಹಾಳು ಮಾಡಿದೆವು. ಆಮೇಲೆ ಅಳೆಯೋಕೆ ಶುರು ಮಾಡಿದೆವು. ಪಿಎಸ್ ಕಮಾಂಡ್‌ನಲ್ಲಿ ಆರ್‌ಎಸ್‌ಎಸ್ ಅಂತ ಒಂದು ಕಾಲಂ ಇದೆ, ನಿಮಿಷಕ್ಕೊಮ್ಮೆ ಅದನ್ನು ಫೈಲ್‌ಗೆ ಬರೆದೆವು. ಕನೆಕ್ಟ್ ಆಗಿ ತಟ್ಟನೆ ಕಡಿದುಕೊಳ್ಳೋ ಸ್ಕ್ರಿಪ್ಟ್ ಸಾವಿರ ಸಲ ಓಡಿಸಿದರೆ 9 ಎಂಬಿ ಇದ್ದದ್ದು 72 ಆಯ್ತು. ಇನ್ನೊಂದು ಸಾವಿರಕ್ಕೆ ಮತ್ತೆ ಅಷ್ಟೇ ಏರಿತು. ಇಲ್ಲೊಂದು ಎಚ್ಚರ: ಫ್ರೀ ಮಾಡಿದ ಮೆಮೊರಿಯನ್ನು ಸಿ ಲೈಬ್ರರಿ ಕೂಡಲೇ ಸಿಸ್ಟಮ್‌ಗೆ ಕೊಡದೆ ಇಟ್ಟುಕೊಳ್ಳಬಹುದು. ಒಮ್ಮೆ ಏರಿ ಅಲ್ಲೇ ನಿಂತರೆ ಗಾಬರಿ ಬೇಡ. ಒಂದೇ ಕೆಲಸಕ್ಕೆ ಪ್ರತಿ ಸಲ ಏರುತ್ತಲೇ ಹೋದರೆ ಮಾತ್ರ ಅನುಮಾನ ಪಡಿ.

ಸಾಲಿನ ನಂಬರ್ ತೋರಿಸಿದ್ದು ಜಿಸಿಸಿಯ ಅಡ್ರೆಸ್ ಸ್ಯಾನಿಟೈಸರ್. ಅದು ಲೀಕ್ ಪಟ್ಟಿ ಕೊಡೋದು ಪ್ರೋಗ್ರಾಂ ಮರ್ಯಾದೆಯಿಂದ ಮುಗಿದಾಗ ಮಾತ್ರ. ನಾವು ಪ್ರತಿ ಸಲ ಕಂಟ್ರೋಲ್-ಸಿ ಒತ್ತಿ ಸಾಯಿಸಿ, "ಏನೂ ಲೀಕ್ ಇಲ್ಲ ಮಗಾ" ಅಂತ ಖುಷಿಪಟ್ಟಿದ್ದೆವು! ಸಿಗ್ನಲ್ ಹ್ಯಾಂಡ್ಲರ್ ಬರೆದು ನೆಟ್ಟಗೆ ಎಕ್ಸಿಟ್ ಮಾಡಿಸಿದ ಮೇಲೆ ಪಟ್ಟಿ ಬಂತು. ವಾಲ್‌ಗ್ರೈಂಡ್ ಕೂಡ ಇದೆ, ಆದರೆ ಪ್ರೋಗ್ರಾಂ ಹತ್ತಾರು ಪಟ್ಟು ನಿಧಾನ ಆಗುತ್ತೆ, ಓಡ್ತಿರೋ ಸರ್ವರ್‌ಗೆ ಹಾಕೋಕಾಗಲ್ಲ.

ಓಡ್ತಿರೋ ಸರ್ವರ್‌ಗೆ ಏನು ಮಾಡಬೇಕು ಅನ್ನೋದಕ್ಕೆ ಉತ್ತರ ಬೆಂಗಳೂರಿನಲ್ಲೇ ಸಿಕ್ಕಿತು. ಗ್ಲಸ್ಟರ್‌ಎಫ್‌ಎಸ್ ಅಂತ ಒಂದು ಓಪನ್ ಸೋರ್ಸ್ ಸಾಫ್ಟ್‌ವೇರ್, ಹಲವು ಸರ್ವರ್‌ಗಳ ಡಿಸ್ಕ್ ಸೇರಿಸಿ ಒಂದೇ ಫೈಲ್ ಸಿಸ್ಟಮ್ ಮಾಡುತ್ತೆ. ಸಿ ಭಾಷೆಯಲ್ಲೇ ಬರೆದದ್ದು, ಎಂಜಿನಿಯರಿಂಗ್ ಕೆಲಸ ಹೆಚ್ಚಾಗಿ ನಡೆದದ್ದು ಈ ಊರಲ್ಲೇ. 2011ರಲ್ಲಿ ರೆಡ್ ಹ್ಯಾಟ್ ಆ ಕಂಪನಿಯನ್ನು ಸುಮಾರು 13.6 ಕೋಟಿ ಡಾಲರ್‌ಗೆ ಕೊಂಡಿತು. ಅದರಲ್ಲಿ 'ಸ್ಟೇಟ್‌ಡಂಪ್' ಅಂತ ಒಂದು ಸೌಲಭ್ಯ ಇದೆ. ಪ್ರೋಸೆಸ್‌ಗೆ ಯೂಸರ್-1 ಸಿಗ್ನಲ್ ಕಳಿಸಿದರೆ, ಸರ್ವರ್ ನಿಲ್ಲಿಸದೆಯೇ, ಯಾವ ಭಾಗ ಯಾವ ಬಗೆಯ ಮೆಮೊರಿ ಎಷ್ಟು ಹಿಡಿದಿದೆ ಅಂತ ಒಂದು ಫೈಲ್ ಬರೆದುಕೊಡುತ್ತೆ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಫೈಲ್ ತಗೊಂಡು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಏರುತ್ತಲೇ ಇರೋ ಸಾಲು ಯಾವುದೋ, ಕಳ್ಳ ಅಲ್ಲಿರೋ ಸಾಧ್ಯತೆ ಹೆಚ್ಚು. ಅಂದರೆ ಲೀಕ್ ಬಂದೇ ಬರುತ್ತೆ ಅಂತ ಮೊದಲೇ ಒಪ್ಪಿಕೊಂಡು ಲೆಕ್ಕದ ಪುಸ್ತಕ ಇಟ್ಟಿದ್ದಾರೆ. ನಮ್ಮದಕ್ಕೂ ಅದೇ ಥರ ಎರಡು ಕೌಂಟರ್ ಹಾಕಿದೆವು: ತಗೊಂಡ ಬಫರ್, ಕೊಟ್ಟ ಬಫರ್. ಇಪ್ಪತ್ತು ಸಾಲೂ ಆಗಲಿಲ್ಲ.

"ನಾವು ಪೈಥಾನ್ ಬರೀತೀವಿ, ನಮಗೇನು?" ಅನ್ನೋರು ನಮ್ಮ ಕ್ಲಾಸಲ್ಲೇ ಇದ್ದಾರೆ. ಹೋದ ಯೂಸರ್‌ಗಳ ಹೆಸರು ಡಿಕ್ಷನರಿಯಿಂದ ತೆಗೆಯದಿದ್ದರೆ ಯಾವ ಗಾರ್ಬೇಜ್ ಕಲೆಕ್ಟರ್ರೂ ಅದನ್ನು ಮುಟ್ಟಲ್ಲ ಸ್ವಾಮಿ.

ರಾತ್ರಿ ಮೂರಕ್ಕೆ ತಾನಾಗೇ ರೀಸ್ಟಾರ್ಟ್ ಆಗೋ ಹಾಗೆ ಕ್ರಾನ್ ಹಾಕಿ ಅಂತ ಸೀನಿಯರ್ ಒಬ್ಬರು ಸಲಹೆ ಕೊಟ್ಟರು. ತುರ್ತಿಗೆ ಸರಿ, ನಾವೂ ಹಾಕಿದ್ದೆವು. ಆದರೆ ಮೂರು ವಾರ ನಮಗೆ ಕಾರಣ ಸಿಗದೇ ಇರೋಕೆ ಅದೂ ಒಂದು ಕಾರಣ. ಗ್ರಾಫ್ ಏರೋ ಮುಂಚೆನೇ ಅಳಿಸಿ ಹೋಗ್ತಿತ್ತು.

ಲ್ಯಾಬ್‌ನಲ್ಲಿ ನಾವು ಕೇಳೋದು ಇಷ್ಟೇ. ಮಿನಿ ಪ್ರಾಜೆಕ್ಟ್ ಸರ್ವರನ್ನು ಒಂದು ರಾತ್ರಿ ಓಡೋಕೆ ಬಿಡಿ, ನಡುವೆ ವೈಫೈ ಕಿತ್ತುಹಾಕಿ, ಬೆಳಿಗ್ಗೆ ಮೆಮೊರಿ ಗ್ರಾಫ್ ನೋಡಿ ಮಾರ್ಕ್ಸ್ ಕೊಡಿ. ಹತ್ತರಲ್ಲಿ ಎರಡು ಮಾರ್ಕ್ಸ್ ಇದ್ದರೂ ಸಾಕು, ಎಲ್ಲರೂ ಮಾಡ್ತಾರೆ.

ಆ ಹುಡುಗನ ರೂಮಿಗೆ ಹೋಗಿ ಸಾರಿ ಕೇಳಿದೆವು, ಗ್ರೂಪ್‌ನಲ್ಲೂ ಬರೆದೆವು. ಈಗ ಹೊಸ ಸರ್ವರ್ ನಮ್ಮ ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಹನ್ನೊಂದು ದಿನದಿಂದ ಓಡ್ತಾ ಇದೆ. ರಾತ್ರಿಯೆಲ್ಲಾ ಏನ್ರಪ್ಪಾ ಅದು ಗುಂಯ್ ಅಂತ ಸದ್ದು ಅಂತ ಓನರ್ ಆಂಟಿ ಎರಡು ಸಲ ಕೇಳಿದ್ದಾರೆ. ಆರ್‌ಎಸ್‌ಎಸ್ 11 ಎಂಬಿಯಲ್ಲಿ ನಿಂತಿದೆ. ದಿನಕ್ಕೆ ಎರಡು ಸಲ ರೂಟರ್ ಪ್ಲಗ್ ಕೀಳೋ ಕೆಲಸ ಅವನದು.