ಬಿಹಾರದ ಭೂಕಂಪವೂ ಮಹಾತ್ಮರ ಮಾತೂ: ನಡೆ ಶುದ್ಧವಾಗಿದ್ದರೆ ನುಡಿ ಪ್ರಶ್ನಾತೀತವೇ?



ಮಹಾತ್ಮಾ ಗಾಂಧಿಯವರು 1934ರಲ್ಲಿ ಬಿಹಾರದ ಭೂಕಂಪವನ್ನು ಕುರಿತು ಆಡಿದ ಮಾತೊಂದಿದೆ. ಗಾಂಧಿ ಜಯಂತಿಯ ಚರ್ಚಾಸ್ಪರ್ಧೆಗಳಲ್ಲಿ, ವೇದಿಕೆಯ ಭಾಷಣಗಳಲ್ಲಿ, ಇತ್ತೀಚೆಗೆ ಕೈಯಲ್ಲಿರುವ ಮೊಬೈಲ್ ಫೋನುಗಳಲ್ಲಿಯೂ ಆ ಮಾತು ಮತ್ತೆ ಮತ್ತೆ ತಲೆಯೆತ್ತುತ್ತದೆ. ಅದನ್ನು ಹಿಡಿದುಕೊಂಡು ಒಂದು ಪಂಗಡದವರು, "ಇಂಥ ಮೂಢನಂಬಿಕೆಯ ಮನುಷ್ಯನನ್ನೇ ನೀವು ರಾಷ್ಟ್ರಪಿತನೆಂದು ಕರೆಯುವುದು?" ಎಂದು ಗೇಲಿ ಮಾಡುತ್ತಾರೆ. ಇನ್ನೊಂದು ಪಂಗಡದವರು, "ಅಷ್ಟು ಶುದ್ಧವಾಗಿ ಬಾಳಿದವರ ಮಾತನ್ನು ಪ್ರಶ್ನಿಸಲು ನಾವು ಯಾರು?" ಎಂದು ಬಾಯಿ ಮುಚ್ಚಿಸುತ್ತಾರೆ. ಮೊದಲನೆಯವರ ಗೇಲಿಗಿಂತ ಎರಡನೆಯವರ ಭಕ್ತಿಯೇ ಹೆಚ್ಚು ಅಪಾಯಕಾರಿ ಎಂಬುದು ಈ ಲೇಖನದ ವಾದ. ಮಠದ ಆವರಣದಲ್ಲಿ ಕುಳಿತು ಈ ಮಾತು ಬರೆಯುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಭಕ್ತಿಯ ಹೆಸರಿನಲ್ಲಿ ವಿಚಾರವನ್ನು ಅಡಗಿಸುವ ಅಭ್ಯಾಸ ಎಲ್ಲಿ ಸುಲಭವಾಗಿ ಬೆಳೆಯುತ್ತದೆಯೋ ಅಲ್ಲಿಯೇ ಇದನ್ನು ಬರೆಯಬೇಕಾಗಿದೆ.

ಮೊದಲು ಘಟನೆಯನ್ನು ನೋಡೋಣ. 1934ರ ಜನವರಿ 15ರ ಮಧ್ಯಾಹ್ನ ಎರಡು ಗಂಟೆ ಕಳೆದ ಕೆಲವೇ ನಿಮಿಷಗಳಲ್ಲಿ ಉತ್ತರ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಕಂಪನದ ಪ್ರಮಾಣ ಸುಮಾರು 8. ಮುಂಗೇರ್ ಮತ್ತು ಮುಜಫರಪುರ ಪಟ್ಟಣಗಳು ನೆಲಸಮವಾದವು. ದರ್ಭಂಗಾ, ಮೋತಿಹಾರಿ, ಸೀತಾಮಢಿಗಳಲ್ಲಿ ಮನೆಗಳು ಕುಸಿದವು. ಅತ್ತ ಕಾಠ್ಮಂಡು ಕಣಿವೆಯ ಭಕ್ತಪುರವೂ ಹಾಳಾಯಿತು. ನೆಲ ಬಿರಿದು ಒಳಗಿನ ಮರಳು ನೀರಿನೊಡನೆ ಮೇಲಕ್ಕೆ ಚಿಮ್ಮಿ ಹೊಲಗದ್ದೆಗಳ ಮೇಲೆ ಹರಡಿತು, ಬಾವಿಗಳು ಮರಳಿನಿಂದ ತುಂಬಿಕೊಂಡವು. ಬದುಕುಳಿದ ರೈತನಿಗೆ ಉಳುವ ಮಣ್ಣೂ ಇಲ್ಲ, ಕುಡಿಯುವ ನೀರೂ ಇಲ್ಲ. ಎರಡೂ ನಾಡುಗಳಲ್ಲಿ ಸೇರಿ ಸತ್ತವರ ಸಂಖ್ಯೆ ಹತ್ತು ಸಾವಿರವನ್ನು ಮೀರಿತು.

ಆ ಹೊತ್ತಿಗೆ ಗಾಂಧೀಜಿ ದಕ್ಷಿಣದಲ್ಲಿದ್ದರು. 1933ರ ನವೆಂಬರಿನಲ್ಲಿ ಆರಂಭಿಸಿದ್ದ ಹರಿಜನ ಯಾತ್ರೆ ಮಲಬಾರನ್ನು ತಲುಪಿತ್ತು. ಅಲ್ಲಿಂದ ತಮಿಳುನಾಡಿಗೆ ಬಂದ ಅವರು ಜನವರಿ 24ರಂದು ತಿರುನೆಲ್ವೇಲಿಯ ಸಭೆಯಲ್ಲಿ ಬಿಹಾರದ ಸಂತ್ರಸ್ತರಿಗಾಗಿ ನೆರವು ಬೇಡಿದರು. ಹಾಗೆ ಬೇಡುತ್ತಲೇ, ಈ ವಿಪತ್ತು ಅಸ್ಪೃಶ್ಯತೆಯೆಂಬ ಪಾಪಕ್ಕೆ ಭಗವಂತನು ವಿಧಿಸಿದ ದಂಡನೆಯೆಂದು ತಾವು ನಂಬುವುದಾಗಿ, ಇದನ್ನು ಮೂಢನಂಬಿಕೆಯೆಂದು ಕರೆಯುವವರು ಕರೆಯಲಿ ಎಂಬ ಅರ್ಥದಲ್ಲಿ ಹೇಳಿದರು. ಫೆಬ್ರವರಿ 2ರ 'ಹರಿಜನ' ಪತ್ರಿಕೆಯಲ್ಲಿ ಆ ಮಾತು ಅಚ್ಚಾಯಿತು.

ಶಾಂತಿನಿಕೇತನದಲ್ಲಿ ಗುರುದೇವ ರವೀಂದ್ರನಾಥ ಠಾಕೂರರು ಇದನ್ನು ಓದಿ ನೊಂದರು. ಅಸ್ಪೃಶ್ಯತೆಯ ವಿಷಯದಲ್ಲಿ ಅವರು ಗಾಂಧೀಜಿಯ ವಿರೋಧಿಯಲ್ಲ. 1932ರಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿ ಉಪವಾಸ ಕೈಗೊಂಡಾಗ ಅಲ್ಲಿಗೆ ಧಾವಿಸಿ ಬಂದವರು. ಹೀಗಾಗಿ ಅವರ ಆಕ್ಷೇಪಕ್ಕೆ ತೂಕವಿದೆ. ಭೌತಿಕ ವಿಪತ್ತುಗಳ ಮೂಲ ಭೌತಿಕ ಕಾರಣಗಳಲ್ಲಿಯೇ ಇರುತ್ತದೆ ಎಂಬುದು ಅವರ ಮೊದಲ ಮಾತು. ನಮ್ಮ ಪಾಪಗಳು ಎಷ್ಟೇ ಘೋರವಾಗಿದ್ದರೂ ಸೃಷ್ಟಿಯ ಕಟ್ಟೋಣವನ್ನು ಕೆಡವುವ ಶಕ್ತಿ ಅವಕ್ಕಿಲ್ಲ. ದೂರದಲ್ಲಿ ಸುರಕ್ಷಿತವಾಗಿರುವ ಅಪರಾಧಿಗಳಿಗೆ ಪಾಠ ಕಲಿಸಲು ನಿರಪರಾಧಿಗಳನ್ನೂ ಕೂಸುಗಳನ್ನೂ ಕೊಲ್ಲುವ ದೇವರ ಕಲ್ಪನೆ ಮನುಷ್ಯನ ನೀತಿಗಿಂತ ಕೆಳಗಿನದು. ಇದು ಅವರ ಎರಡನೆಯ ಮಾತು. ಮೂರನೆಯದು ಇನ್ನೂ ಹರಿತವಾದದ್ದು: ಇಂಥ ತರ್ಕ ಗಾಂಧೀಜಿಗಿಂತ ಅವರ ವಿರೋಧಿಗಳ ಮನೋಧರ್ಮಕ್ಕೇ ಚೆನ್ನಾಗಿ ಒಪ್ಪುತ್ತದೆ, ಅವರು ಈ ವಿಪತ್ತಿಗೆ ಗಾಂಧೀಜಿಯನ್ನೇ ಹೊಣೆ ಮಾಡಿದರೆ ಆಶ್ಚರ್ಯಪಡಬೇಕಾಗಿಲ್ಲ.

ಗಾಂಧೀಜಿ ಉತ್ತರ ಕೊಟ್ಟರು, ಆದರೆ ತಮ್ಮ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅಸ್ಪೃಶ್ಯತೆಗೂ ಭೂಕಂಪಕ್ಕೂ ಇರುವ ಸಂಬಂಧವನ್ನು ಸಾಧಿಸಿ ತೋರಿಸಲಾರೆ, ಆದರೂ ಅದು ತಮ್ಮ ಅಂತರಂಗಕ್ಕೆ ತೋರಿದ ಸತ್ಯ, ನಗೆಪಾಟಲಿಗೆ ಹೆದರಿ ಅದನ್ನು ಮುಚ್ಚಿಡಲಾರೆ ಎಂದರು. ಒಂದು ವೇಳೆ ಈ ನಂಬಿಕೆ ಆಧಾರರಹಿತವೆಂದು ತಿಳಿದುಬಂದರೂ ಅದರಿಂದ ತಮಗೂ ತಮ್ಮೊಡನೆ ನಂಬುವವರಿಗೂ ಒಳಿತೇ ಆಗಿರುತ್ತದೆ ಎಂದೂ ಸೇರಿಸಿದರು.

ಈ ಕೊನೆಯ ವಾಕ್ಯದ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಳಿತು ಯಾರಿಗೆ? ನಂಬುವವರಿಗೆ. ಅವರು ಆತ್ಮಶೋಧನೆ ಮಾಡಿಕೊಂಡಾರು, ಅಸ್ಪೃಶ್ಯತೆಯನ್ನು ತೊರೆದಾರು, ಒಪ್ಪೋಣ. ಆದರೆ ಮುಂಗೇರಿನ ಇಟ್ಟಿಗೆಯ ರಾಶಿಯ ಕೆಳಗೆ ಮಗುವನ್ನು ಕಳೆದುಕೊಂಡ ತಾಯಿಗೆ ಈ ನಂಬಿಕೆ ಏನು ಹೇಳುತ್ತದೆ? "ನಿನ್ನ ಮಗು ದೇಶದ ಪಾಪಕ್ಕೆ ತೆತ್ತ ದಂಡ" ಎಂದೇ? ಆ ತಾಯಿ ಸ್ವತಃ ಅಸ್ಪೃಶ್ಯಳೆಂದು ಹಣೆಪಟ್ಟಿ ಹಚ್ಚಿಸಿಕೊಂಡವಳಾಗಿದ್ದರೆ? ಭೂಮಿ ಬಾಯ್ಬಿಟ್ಟಾಗ ಅದು ಜಾತಿ ಕೇಳಲಿಲ್ಲ. ಯಾರ ಮೇಲೆ ಪಾಪ ನಡೆದಿತ್ತೋ ಅವರೂ ಆ ಪಾಪದ ಹೆಸರಿನಲ್ಲಿಯೇ ಸತ್ತರು ಎಂದಾಯಿತು. ಅಸ್ಪೃಶ್ಯರ ಪರವಾಗಿ ಆಡಿದ ಮಾತು ಕೊನೆಗೆ ಅಸ್ಪೃಶ್ಯರ ಸಾವನ್ನೂ ದೇವರ ನ್ಯಾಯವೆಂದು ಒಪ್ಪಿಸುವಲ್ಲಿಗೆ ಬಂದು ನಿಲ್ಲುತ್ತದೆ. ಗಾಂಧೀಜಿಯ ಮನಸ್ಸಿನಲ್ಲಿ ಇದಿರಲಿಲ್ಲ, ನಿಜ. ಆಡಿದ ಮಾತಿನಲ್ಲಿ ಮಾತ್ರ ಇತ್ತು. ಇನ್ನು ಅಸ್ಪೃಶ್ಯತೆ ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ಬಿಹಾರಕ್ಕಿಂತ ಕಡಮೆಯಿತ್ತೇ? ಗಾಂಧೀಜಿ ನಿಂತು ಮಾತನಾಡುತ್ತಿದ್ದ ನೆಲ ಏಕೆ ಅಲುಗಲಿಲ್ಲ?

ಭಾರತದ ಭೂಫಲಕ ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರಿನಷ್ಟು ಹಿಮಾಲಯದ ಅಡಿಗೆ ನುಗ್ಗುತ್ತಲೇ ಇದೆ, ಒತ್ತಡ ತುಂಬಿ ಬಂದಾಗ ಬಂಡೆ ಸರಿಯುತ್ತದೆ ಎಂಬುದು ಇಂದು ಶಾಲಾ ಮಕ್ಕಳಿಗೂ ಗೊತ್ತು. 2015ರ ಏಪ್ರಿಲ್ 25ರಂದು ನೇಪಾಳ ಮತ್ತೆ ನಡುಗಿದ್ದೂ ಇದೇ ಕಾರಣದಿಂದ. ಈ ಫಲಕಗಳ ಸಿದ್ಧಾಂತ 1934ರಲ್ಲಿ ಇನ್ನೂ ನೆಲೆಗೊಂಡಿರಲಿಲ್ಲವೆಂಬ ಸಮಾಧಾನವನ್ನು ಕೆಲವರು ಹೇಳುತ್ತಾರೆ. ಅದು ಸಲ್ಲದು. ಠಾಕೂರರ ಬಳಿಯೂ ಆ ಸಿದ್ಧಾಂತ ಇರಲಿಲ್ಲ. ಇದ್ದದ್ದು ಕಾರಣವನ್ನು ಕಾರಣವಿರುವಲ್ಲಿಯೇ ಹುಡುಕಬೇಕೆಂಬ ವಿವೇಕ ಮಾತ್ರ.

ಸಮರ್ಥಕರ ದೊಡ್ಡ ಆಸರೆ 'ಉದ್ದೇಶ'. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದರು, ಜನರ ಮನಸ್ಸನ್ನು ಕಲಕಲು ಹೇಳಿದರು, ಅದನ್ನು ರೂಪಕವಾಗಿ ತೆಗೆದುಕೊಳ್ಳಬೇಕು ಎನ್ನುತ್ತಾರೆ. ರೂಪಕವಲ್ಲವೆಂದು ಗಾಂಧೀಜಿಯೇ ತಮ್ಮ ಉತ್ತರದಲ್ಲಿ ಸ್ಪಷ್ಟಪಡಿಸಿರುವಾಗ ಅವರ ಪರವಾಗಿ ಅವರಿಗೇ ಬೇಡವಾದ ವಕಾಲತ್ತು ವಹಿಸುವುದು ಭಕ್ತಿಯೂ ಅಲ್ಲ, ವಿದ್ವತ್ತೂ ಅಲ್ಲ. ಉದ್ದೇಶದ ವಾದವಂತೂ ಇನ್ನೂ ಟೊಳ್ಳು. ಪ್ರಕೃತಿ ವಿಕೋಪದಲ್ಲಿ ದೇವರ ಸಿಟ್ಟನ್ನು ಓದುವ ಕತ್ತಿಯನ್ನು ಒಮ್ಮೆ ಮಸೆದಿಟ್ಟರೆ ಅದು ಯಾರ ಕೈಗಾದರೂ ಸಿಗುತ್ತದೆ. ಪಂಡಿತ ನೆಹರೂ 1936ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಇದನ್ನೇ ಎತ್ತಿ ತೋರಿಸಿದರು. ಉತ್ತರ ಬಿಹಾರ ಸ್ವಾತಂತ್ರ್ಯ ಚಳವಳಿಯಲ್ಲಿ ಮುಂಚೂಣಿಯಲ್ಲಿದ್ದ ಪ್ರದೇಶ, ಹಾಗಾದರೆ ಕಾನೂನುಭಂಗಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಬ್ರಿಟಿಷ್ ಸರಕಾರವೂ ಹೇಳಬಹುದಲ್ಲವೇ ಎಂಬುದು ಅವರ ಪ್ರಶ್ನೆ. ಉತ್ತರವಿಲ್ಲದ ಪ್ರಶ್ನೆ ಅದು.

ಆ ಕತ್ತಿ ತುಕ್ಕು ಹಿಡಿದಿಲ್ಲ. 2018ರ ಆಗಸ್ಟಿನಲ್ಲಿ ಕೇರಳ ನೆರೆಯಲ್ಲಿ ಮುಳುಗಿತ್ತು. ಶಬರಿಮಲೆಗೆ ಎಲ್ಲ ವಯಸ್ಸಿನ ಮಹಿಳೆಯರ ಪ್ರವೇಶದ ಪ್ರಕರಣ ಆಗ ಸುಪ್ರೀಂ ಕೋರ್ಟಿನ ತೀರ್ಪಿಗಾಗಿ ಕಾದಿತ್ತು. ಆ ಪ್ರಕರಣವೇ ಅಯ್ಯಪ್ಪನ ಕೋಪಕ್ಕೂ ನೆರೆಗೂ ಕಾರಣವೆಂದು ಸಾರಿದವರಿದ್ದರು, ಅವರಲ್ಲಿ ವಿದ್ಯಾವಂತರೂ ಇದ್ದರು. ಗಾಂಧೀಜಿ ದೇವಾಲಯದ ಬಾಗಿಲು ತೆರೆಯಲೆಂದು ಬಳಸಿದ ತರ್ಕ ಎಂಬತ್ತನಾಲ್ಕು ವರ್ಷಗಳ ನಂತರ ದೇವಾಲಯದ ಬಾಗಿಲು ಮುಚ್ಚಲೆಂದು ಬಳಕೆಯಾಯಿತು. ಠಾಕೂರರು ಹೆದರಿದ್ದು ಇದಕ್ಕೇ. "ಉದ್ದೇಶ ಒಳ್ಳೆಯದು" ಎಂದು 1934ರ ಮಾತನ್ನು ಒಪ್ಪುವವರು 2018ರ ಮಾತನ್ನು ಯಾವ ಬಾಯಿಂದ ಖಂಡಿಸುತ್ತಾರೆ?

ಇನ್ನು ಗೇಲಿ ಮಾಡುವ ಪಂಗಡ. ಇವರಿಗೆ ಹೆಚ್ಚು ಮಾತು ಬೇಕಿಲ್ಲ. ಗಾಂಧೀಜಿಯ ಮೂಢನಂಬಿಕೆಗೆ ನಗುವ ಹಲವರ ಮನೆಯಲ್ಲಿ ಗ್ರಹಣದ ದಿನ ನೀರಿನ ಕೊಡಕ್ಕೆ ದರ್ಭೆ ಬೀಳುವುದು ತಪ್ಪುವುದಿಲ್ಲ ಎಂಬುದನ್ನು ಬದಿಗಿಡೋಣ. ಒಂದು ವಾಕ್ಯವನ್ನು ತೋರಿಸಿ ಇಡೀ ಬಾಳನ್ನು ಗುಡಿಸಿಹಾಕುವ ಇವರು, ಆ ವಾಕ್ಯವನ್ನಾಡಿದ ಮನುಷ್ಯ ಆ ಯಾತ್ರೆಯಲ್ಲಿ 12,500 ಮೈಲಿ ಸುತ್ತಿ ಹರಿಜನ ನಿಧಿಗೆ ಎಂಟು ಲಕ್ಷ ರೂಪಾಯಿ ಕೂಡಿಸಿದ್ದನ್ನು ಹೇಳುವುದಿಲ್ಲ. ನಮ್ಮ ನಾಡಿನ ಕೊಡಗು, ಮಂಗಳೂರು, ಶಿರಸಿಗಳಲ್ಲಿ ಅದೇ ವರ್ಷ ಅವರು ಕೈಯೊಡ್ಡಿ ನಿಂತದ್ದನ್ನು ಹೇಳುವುದಿಲ್ಲ. ಮಾರ್ಚಿನಲ್ಲಿ ಬಿಹಾರಕ್ಕೆ ಹೋಗಿ, ಬಾಬು ರಾಜೇಂದ್ರಪ್ರಸಾದರು ಸೆರೆಮನೆಯಿಂದ ಬಿಡುಗಡೆಯಾದೊಡನೆ ಕೈಗೆತ್ತಿಕೊಂಡಿದ್ದ ಪರಿಹಾರ ಕಾರ್ಯದ ನಡುವೆ ಓಡಾಡಿದ್ದನ್ನು ಹೇಳುವುದಿಲ್ಲ. ಏಪ್ರಿಲಿನಲ್ಲಿ ದೇವಘರದ ಹತ್ತಿರ ಸನಾತನಿಗಳು ಅವರ ಕಾರಿನ ಮೇಲೆ ಎರಗಿದ್ದನ್ನೂ, ಜೂನ್ 25ರಂದು ಪುಣೆಯಲ್ಲಿ ಅವರನ್ನು ಗುರಿಯಾಗಿಟ್ಟು ಬಾಂಬು ಎಸೆದದ್ದನ್ನೂ ಹೇಳುವುದಿಲ್ಲ. ಮಾತು ತಪ್ಪೆಂದು ತೋರಿಸುವುದು ನ್ಯಾಯ. ಆ ತಪ್ಪನ್ನು ತೋರಿಸಿ ಅಸ್ಪೃಶ್ಯತಾ ನಿವಾರಣೆಯ ಕೆಲಸವನ್ನೇ ನಗೆಗೀಡು ಮಾಡುವುದು ಬೇರೆಯದೇ ವ್ಯಾಪಾರ.

ಹಾಗಾದರೆ ಭಕ್ತರ ವಾದ ಹೆಚ್ಚು ಅಪಾಯಕಾರಿ ಎಂದದ್ದು ಏಕೆ? ಏಕೆಂದರೆ ಅವರು ಅದನ್ನು ನಮ್ಮ ಶರಣರ ಮಾತಿನ ಮೇಲೆಯೇ ನಿಲ್ಲಿಸುತ್ತಾರೆ. ನಡೆ ಮತ್ತು ನುಡಿ ಒಂದಾಗಿರಬೇಕೆಂಬುದು ಶರಣರು ನಮಗಿತ್ತ ಒರೆಗಲ್ಲು. ನಡೆಯಿಲ್ಲದ ನುಡಿಗೆ ಬೆಲೆಯಿಲ್ಲ ಎಂಬುದು ಅದರ ತಾತ್ಪರ್ಯ. ಇದನ್ನು ತಿರುಗಿಸಿ, ನಡೆಯಿದ್ದವರ ನುಡಿಯೆಲ್ಲ ಸತ್ಯ ಎಂದು ಓದುವುದು ಎಲ್ಲಿಯ ತರ್ಕ? ಗಾಂಧೀಜಿಯ ನುಡಿ ಮತ್ತು ನಡೆ ಈ ಪ್ರಸಂಗದಲ್ಲಿಯೂ ಒಂದೇ ಆಗಿದ್ದವು. ಅವರು ನಂಬಿದ್ದನ್ನೇ ಹೇಳಿದರು, ಹೇಳಿದಂತೆಯೇ ನಡೆದರು. ಅದರಿಂದ ಸಿದ್ಧವಾಗುವುದು ಅವರ ಪ್ರಾಮಾಣಿಕತೆ. ಭೂಕಂಪದ ಕಾರಣ ಅದರಿಂದ ಸಿದ್ಧವಾಗುವುದಿಲ್ಲ. ಪ್ರಾಮಾಣಿಕನಾದವನು ಪ್ರಾಮಾಣಿಕವಾಗಿಯೇ ತಪ್ಪು ಹೇಳಬಲ್ಲ. ಕಪಟಿಯ ತಪ್ಪು ಮಾತನ್ನು ಜನ ಬೇಗ ಗುರುತಿಸುತ್ತಾರೆ, ಸತ್ಪುರುಷನ ತಪ್ಪು ಮಾತು ಅವನ ಸದ್ಗುಣದ ಹೆಗಲೇರಿ ಬಹುದೂರ ಸಾಗುತ್ತದೆ. ಆದ್ದರಿಂದ ಅದನ್ನು ಹೆಚ್ಚು ಎಚ್ಚರದಿಂದ ಸೋಸಬೇಕು. ಅನುಭವ ಮಂಟಪದ ಹೆಸರೆತ್ತಿ ಹೆಮ್ಮೆಪಡುವ ನಾವು ಅಲ್ಲಿ ಹಿರಿಯರ ಎದುರಿಗೇ ಪ್ರಶ್ನೆ ಎತ್ತಲಾಗುತ್ತಿತ್ತೆಂಬುದನ್ನು ಮರೆತು, ಹಿರಿಯರ ಹೆಸರು ಹೇಳಿ ಪ್ರಶ್ನೆಯನ್ನು ತಡೆಯುತ್ತಿದ್ದೇವೆ.

ಹಿಂದೊಮ್ಮೆ ಪ್ರಸಾದ ನಿಲಯವೊಂದರ ಚರ್ಚಾಕೂಟದಲ್ಲಿ ಪದವಿ ತರಗತಿಯ ಹುಡುಗನೊಬ್ಬ ಎದ್ದು, "ಗಾಂಧೀಜಿ ಹೇಳಿದ್ದು ಸರಿಯೋ, ಠಾಕೂರರು ಹೇಳಿದ್ದು ಸರಿಯೋ?" ಎಂದು ಕೇಳಿದ. ವೇದಿಕೆಯಲ್ಲಿದ್ದ ಹಿರಿಯರೊಬ್ಬರು, "ತಮ್ಮಾ, ದೊಡ್ಡವರ ವಿಚಾರ ದೊಡ್ಡವರಿಗೆ ಬಿಡು, ನೀನು ಅವರ ಪಾದಧೂಳಿಗೂ ಸಮನಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಹುಡುಗ ಕುಳಿತ. ಅವನು ಆ ದಿನ ಗಾಂಧೀಜಿಯನ್ನು ಪ್ರೀತಿಸುವುದನ್ನು ಕಲಿಯಲಿಲ್ಲ, ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿತ. ಇಂಥ ಹುಡುಗರೇ ಮುಂದೆ ಗೇಲಿಯ ಪಂಗಡಕ್ಕೆ ಹೋಗಿ ಸೇರುತ್ತಾರೆ. ಅವರನ್ನು ಅಲ್ಲಿಗೆ ಅಟ್ಟಿದವರು ನಾವೇ.

ಅದೇ ಪ್ರಶ್ನೆ ಗಾಂಧೀಜಿಯ ಮುಂದೆ ಬಂದಾಗ ಅವರು ಮಾಡಿದ್ದೇನು? ಠಾಕೂರರು ತಮ್ಮ ಹೇಳಿಕೆಯನ್ನು ಮೊದಲು ಅವರಿಗೇ ಕಳುಹಿಸಿದ್ದರು. ಬರಹವನ್ನು ಬಿಗಿಹಿಡಿದಿಟ್ಟುಕೊಳ್ಳಲು, ಹಿತೈಷಿಗಳ ಮೂಲಕ ತಡೆಯಲು, ಅಥವಾ ತಮ್ಮ ಭಕ್ತರನ್ನು ಕವಿಯ ಮೇಲೆ ಛೂ ಬಿಡಲು ಗಾಂಧೀಜಿಗೆ ಎಲ್ಲ ಅವಕಾಶವೂ ಇತ್ತು. ಅವರು ಅದನ್ನು ತಮ್ಮದೇ 'ಹರಿಜನ'ದ 1934ರ ಫೆಬ್ರವರಿ 16ರ ಸಂಚಿಕೆಯಲ್ಲಿ ಅಚ್ಚು ಹಾಕಿಸಿದರು. ತಮ್ಮ ಉತ್ತರವನ್ನೂ ಅದೇ ಸಂಚಿಕೆಯಲ್ಲಿ ಕೊಟ್ಟರು. ಅವರನ್ನು ಬಹಿರಂಗವಾಗಿ ಖಂಡಿಸಿದ ಠಾಕೂರರು 'ಗುರುದೇವ'ರಾಗಿಯೇ ಉಳಿದರು, ನೆಹರೂ ಅವರ ಒಡನಾಡಿಯಾಗಿಯೇ ಉಳಿದರು.

ಆ ಸಂಚಿಕೆಯಲ್ಲಿ ಎರಡು ಬರಹಗಳೂ ಇವೆ. ಗಾಂಧೀಜಿಯ ಮಾತನ್ನು ಕತ್ತರಿಸಿ ಹಂಚುವವರು ಅದನ್ನು ಅಚ್ಚು ಹಾಕಿದ ಪತ್ರಿಕೆಯೇ ಅದರ ಖಂಡನೆಯನ್ನೂ ಅಚ್ಚು ಹಾಕಿತ್ತೆಂಬುದನ್ನು ಏಕೆ ಮುಚ್ಚಿಡುತ್ತಾರೆ? ಗಾಂಧೀಜಿಯ ಹೆಸರಿನಲ್ಲಿ ಹುಡುಗರನ್ನು ಕೂರಿಸುವವರು ಗಾಂಧೀಜಿಯೇ ಅಚ್ಚು ಹಾಕಿಸಿದ ಠಾಕೂರರ ಮಾತುಗಳನ್ನು ಮಕ್ಕಳ ಮುಂದೆ ಏಕೆ ಓದುವುದಿಲ್ಲ? ಈ ಎರಡು ಪ್ರಶ್ನೆಗಳಿಗೆ ಎರಡೂ ಪಂಗಡದವರು ಉತ್ತರ ಬರೆದು ಕಳುಹಿಸಿದರೆ ಇದೇ ಪುಟದಲ್ಲಿ ಪ್ರಕಟಿಸುತ್ತೇವೆ.