ಅಮ್ಮನ ಕಾಗದದ ಕೊನೆಯ ಸಾಲು



ಕಳೆದ ವಾರ ಪರದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿದ್ದ. "ಸಾರ್, ಅಮ್ಮನಿಗೆ ಆಪರೇಷನ್ ಆಗಿ ತಿಂಗಳಾದ ಮೇಲೆ ನನಗೆ ತಿಳಿಯಿತು. ಆ ನಾಲ್ಕು ದಿನ ಮೊಬೈಲ್ ಕೆಟ್ಟಿತ್ತು ಎಂದುಬಿಟ್ಟಿದ್ದರು" ಎನ್ನುವಾಗ ಅವನ ಗಂಟಲು ಕಟ್ಟಿತ್ತು. ಅವನನ್ನು ಸಮಾಧಾನಪಡಿಸಿ ಫೋನ್ ಇಟ್ಟ ಮೇಲೆ ನನಗೆ ನನ್ನ ತಾಯಿಯ ಕಾಗದಗಳು ನೆನಪಾದವು.

1974ರಲ್ಲಿ ನಾನು ಮೈಸೂರಿನಲ್ಲಿ ಬಿ.ಎಡ್. ಓದುತ್ತಿದ್ದೆ. ನಮ್ಮ ಮನೆ ಸಾಗರದ ಕಡೆಯ ಒಂದು ಹಳ್ಳಿಯಲ್ಲಿತ್ತು. ಹದಿನೈದು ದಿನಕ್ಕೊಮ್ಮೆ ಅಮ್ಮನ ನೀಲಿ ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ಮೇಲೆ 'ಶ್ರೀ'. ಅದರ ಕೆಳಗೆ, 'ಚಿರಂಜೀವಿಗೆ ಅಮ್ಮನ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುವುದು.' ಅನಂತರ ಊರಿನ ವರ್ತಮಾನ: ಅಡಕೆಗೆ ಕೊಳೆರೋಗ ಬಂದದ್ದು, ಮೈಲುತುತ್ತದ ಔಷಧಿಯನ್ನು ಎರಡನೆಯ ಸಲ ಹೊಡೆಸಿದ್ದು, ಹಸು ಕರು ಹಾಕಿದ್ದು. ಕಟ್ಟಕಡೆಗೆ ಅಂಟಿನ ಅಂಚಿನ ಬಳಿ ಸಣ್ಣ ಅಕ್ಷರದಲ್ಲಿ, 'ಅಪ್ಪಯ್ಯನ ಕಾಲಿನ ಗಾಯ ಒಣಗುತ್ತಾ ಇದೆ, ಯೋಚನೆ ಬೇಡ.'

ದಸರಾ ರಜೆಗೆ ಊರಿಗೆ ಹೋದೆ. ಅಪ್ಪಯ್ಯನ ಬಲಗಾಲಿನ ಎರಡು ಬೆರಳುಗಳು ಇರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆಯಿತ್ತು. ಪಾದದ ನರಗಳು ಜಡವಾಗಿ, ತೋಟದಲ್ಲಿ ಚುಚ್ಚಿದ ಮುಳ್ಳು ಅವರ ಅರಿವಿಗೇ ಬಂದಿರಲಿಲ್ಲ. ನಾನು ಅಮ್ಮನ ಮೇಲೆ ರೇಗಿದೆ. "ನಿನ್ನ ಓದು ಕೆಡಬಾರದಲ್ಲ ಮಗಾ" ಎಂದಳು. "ಇನ್ನು ಮೇಲೆ ನೀನು ಕ್ಷೇಮ ಎಂದು ಬರೆದರೂ ನಾನು ನಂಬುವುದಿಲ್ಲ" ಎಂದುಬಿಟ್ಟೆ. ಆ ಮಾತು ಅವಳಿಗೆ ನಾಟಿತು.

ಮುಂದಿನ ಕಾಗದದಿಂದ ಅವಳು ಎಲ್ಲವನ್ನೂ ಬರೆಯತೊಡಗಿದಳು: ಡಾಕ್ಟರು ಹೇಳಿದ್ದು, ಔಷಧಿಗೆ ತಗಲಿದ ಹಣ, ಅಪ್ಪಯ್ಯ ಕದ್ದು ತಿಂದ ಬೆಲ್ಲ. ಕೊನೆಯಲ್ಲಿ ಒಂದು ಹೊಸ ಸಾಲು: 'ಈಗ ಬರುವುದು ಬೇಡ. ಬರಬೇಕಾದಾಗ ಬಾ ಎಂದೇ ಬರೆಯುತ್ತೇನೆ.' ನಾಲ್ಕನೆಯ ತರಗತಿ ಓದಿದ ಆ ಹೆಣ್ಣುಮಗಳು ಬರೆದ ಆ ಒಂದು ಸಾಲಿನ ಬಲದಿಂದ ನಾನು ನಿಶ್ಚಿಂತೆಯಿಂದ ಓದಿದೆ. ಕೆಟ್ಟ ಸುದ್ದಿಯನ್ನೂ ಬರೆಯುತ್ತಾಳೆಂದು ತಿಳಿದ ಮೇಲೆ ಅವಳ 'ಕ್ಷೇಮ' ಎಂಬ ಮಾತಿಗೆ ಬೆಲೆ ಬಂದಿತು.

ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು. ಇನ್‌ಲ್ಯಾಂಡ್ ಪತ್ರ ಬರೆಯುವವರು ವಿರಳ. ಆದರೆ ಮುಚ್ಚಿಡುವ ಅಭ್ಯಾಸ ಮಾತ್ರ ನಿಂತಿಲ್ಲ. ಅದು ಮಮತೆಯಿಂದ ಹುಟ್ಟಿದ್ದೇ ಸರಿ, ಆದರೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಹೆತ್ತವರ ಕಾಯಿಲೆ ಅವರೊಬ್ಬರ ಗುಟ್ಟಲ್ಲ. ಸಕ್ಕರೆ ಕಾಯಿಲೆಯಂಥವು ವಂಶದಲ್ಲಿ ಹರಿದುಬರಬಹುದು. ನಲವತ್ತೆಂಟನೆಯ ವಯಸ್ಸಿನಲ್ಲಿ ವೈದ್ಯರು ನನ್ನನ್ನು, "ಮನೆಯಲ್ಲಿ ಯಾರಿಗಾದರೂ ಇತ್ತೇ?" ಎಂದು ಕೇಳಿದಾಗ ನನ್ನಲ್ಲಿ ಉತ್ತರವಿತ್ತು. ಅಂದಿನಿಂದ ಪ್ರತಿ ರಾತ್ರಿ ಮಲಗುವ ಮುನ್ನ ನನ್ನ ಪಾದಗಳನ್ನು ನಾನೇ ನೋಡಿಕೊಳ್ಳುತ್ತೇನೆ. ಅದು ಅಮ್ಮನ ಕಾಗದಗಳು ಕಲಿಸಿದ ಪಾಠ.

ಮುಚ್ಚಿಡುವುದರಲ್ಲಿ ಮಕ್ಕಳ ಪಾಲೂ ಇದೆ. ನಿಜ ಹೇಳಿದ ತಾಯಿಗೆ ನಾವು ಕೊಡುವ ಉತ್ತರವೇನು? "ಮಾತ್ರೆ ಏಕೆ ತಪ್ಪಿಸಿದೆ? ನಿನಗೆ ಎಷ್ಟು ಸಲ ಹೇಳುವುದು?" ಎಂಬ ಗದರಿಕೆ. ಒಮ್ಮೆ ಬೈಸಿಕೊಂಡವರು ಮರುದಿನ ಬಾಯಿ ಬಿಡುತ್ತಾರೆಯೇ? ಅಂದು ನಾನೂ ರೇಗಿದವನೇ; ಅಮ್ಮ ದೊಡ್ಡವಳಾದುದರಿಂದ ಬರೆದಳು.

ಆದ್ದರಿಂದ, ನನ್ನ ವಯಸ್ಸಿನ ಬಂಧುಗಳಲ್ಲಿ ನನ್ನ ವಿನಂತಿ: ಮಕ್ಕಳಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಹೇಳಿದ ಮೇಲೆ, ಬರಬೇಕೋ ಬೇಡವೋ ಎಂಬುದನ್ನೂ ಸ್ಪಷ್ಟವಾಗಿ ಹೇಳಿ. ವಿದ್ಯಾರ್ಥಿಮಿತ್ರರೇ, ಇಂದು ಮನೆಗೆ ಫೋನ್ ಮಾಡಿದಾಗ "ಆರಾಮವೇ?" ಎಂದು ಕೇಳಿ ಮುಗಿಸಬೇಡಿ. ಆ ಪ್ರಶ್ನೆಗೆ ತಾಯಂದಿರಲ್ಲಿ ಒಂದೇ ಉತ್ತರವಿರುತ್ತದೆ. "ಡಾಕ್ಟರು ಏನೆಂದರು?" ಎಂದು ಕೇಳಿ, ಉತ್ತರ ಬರುವ ತನಕ ಸುಮ್ಮನೆ ಕಾಯಿರಿ.

ಇಂತು,
ನಿಮ್ಮ ಮೇಷ್ಟ್ರು