ಚೊಚ್ಚಲ ಹೆರಿಗೆಗೆ ಒಂದು ರಾತ್ರಿ ಬಿಟ್ಟುಕೊಡಿ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸೀಮಂತ ಮುಗಿಸಿ ಮಗಳನ್ನು ತವರಿಗೆ ಕರೆತಂದಿರುವ ಅಪ್ಪ ಅಮ್ಮಂದಿರಲ್ಲಿ, ಆಗಾಗ ಬಂದು ನೋಡಿಕೊಂಡು ಹೋಗುವ ಅತ್ತೆ ಮಾವಂದಿರಲ್ಲಿ, ಬೆಂಗಳೂರಿನ ಕೆಲಸಕ್ಕೆ ರಜೆ ಹಾಕಿ ಬರುವ ಗಂಡಂದಿರಲ್ಲಿ ನನ್ನದೊಂದು ಕೇಳಿಕೆ. ಡಾಕ್ಟರು "ನೋವು ಬರಿಸಬೇಕು" ಎಂದು ಅಡ್ಮಿಟ್ ಮಾಡಿಕೊಂಡರೆ ಗಡಿಯಾರ ನೋಡುವುದನ್ನು ಬಿಟ್ಟುಬಿಡಿ. ಔಷಧಿ ಕೊಟ್ಟು ನೋವು ಬರಿಸುವ ಚೊಚ್ಚಲ ಹೆರಿಗೆ ಬೆಳಿಗ್ಗೆ ಹೋಗಿ ಸಂಜೆಗೆ ಮುಗಿಸಿಕೊಂಡು ಬರುವ ಕೆಲಸವಲ್ಲ. ಒಂದು ಹಗಲು, ಒಂದು ರಾತ್ರಿ, ಕೆಲವೊಮ್ಮೆ ಮರುದಿನವೂ ಹಿಡಿಯುತ್ತದೆ. ಅಷ್ಟು ಹೊತ್ತು ತಡೆದುಕೊಳ್ಳುವ ಶಕ್ತಿ ಒಳಗಿರುವ ಹುಡುಗಿಗೆ ಬಹುಪಾಲು ಇರುತ್ತದೆ. ಹೊರಗೆ ಕೂತ ನಮಗೇ ಇರುವುದಿಲ್ಲ.

ನಮ್ಮ ಅಕ್ಕನ ಮಗಳಿಗೆ ದಿನ ದಾಟಿತ್ತು. ನೋವು ಬರಿಸಲು ಮಧ್ಯಾಹ್ನ ಜೆಲ್ ಇಟ್ಟರು. ಕತ್ತಲಾಗುವ ಹೊತ್ತಿಗೆ ಗರ್ಭಕೋಶದ ಬಾಯಿ ಎರಡು ಸೆಂಟಿಮೀಟರ್ ತೆರೆದಿದೆ ಎಂದು ಸಿಸ್ಟರ್ ಹೇಳಿದರು. ಅಷ್ಟರಲ್ಲಿ ಹೆರಿಗೆ ವಾರ್ಡಿನ ಮುಂದಿನ ಬೆಂಚು, ಮೆಟ್ಟಿಲು, ಕಿಟಕಿಯ ಕಟ್ಟೆ ಎಲ್ಲವೂ ನಮ್ಮವರದೇ. ಫ್ಲಾಸ್ಕಿನ ಕಾಫಿ ಮುಗಿದಿತ್ತು, ಮೊಬೈಲಿನ ಚಾರ್ಜೂ ಮುಗಿದಿತ್ತು. ಒಳಗಿಂದ ಹುಡುಗಿ ಕೂಗಿದಾಗಲೆಲ್ಲ ಬೀಗರ ಕಡೆಯವರೊಬ್ಬರು ಎದ್ದು ನಿಲ್ಲುವರು. "ಇನ್ನೂ ಎಷ್ಟೊತ್ತು ಅಂತ ಒದ್ದಾಡಿಸ್ತಾರೆ? ಮಗೂಗೇನಾದ್ರೂ ಆದ್ರೆ ಯಾರು ಹೊಣೆ? ದುಡ್ಡು ಎಷ್ಟಾದ್ರೂ ಆಗ್ಲಿ, ಆಪರೇಷನ್ ಮಾಡ್ಬಿಡಿ ಅಂತ ಹೇಳಿ." ಡ್ಯೂಟಿ ಡಾಕ್ಟರು ಹೊರಗೆ ಬಂದು, "ಮಗುವಿನ ಎದೆಬಡಿತ ಚೆನ್ನಾಗಿದೆ, ಇವರ ಬಿ.ಪಿ. ಸರಿಯಾಗಿದೆ, ಅಸಲಿ ನೋವು ಇನ್ನೂ ಶುರುವೇ ಆಗಿಲ್ಲಮ್ಮ" ಎಂದು ಹೇಳಿ ಹೋದರು. ಹತ್ತು ನಿಮಿಷಕ್ಕೆ ಮತ್ತೆ ಬಾಗಿಲು ಬಡಿದದ್ದಾಯಿತು. ಪಕ್ಕದಲ್ಲಿ ಇನ್ನಾರದೋ ಮಗಳಿಗಾಗಿ ಕಾಯುತ್ತ ಎಲೆ ಮಡಚುತ್ತಿದ್ದ ಅಜ್ಜಿ ತಲೆಯೆತ್ತದೆ, "ತೊಲಿ ಕಾನ್ಪಂಟೇ ಅಂತೇನಮ್ಮಾ" ಎಂದರು. ಮೊದಲ ಹೆರಿಗೆ ಅಂದರೆ ಹಾಗೇನೇ. ಡಾಕ್ಟರನ್ನು ಬಿಟ್ಟರೆ ಅಲ್ಲಿ ವಿಷಯ ತಿಳಿದಿದ್ದವರು ಆಕೆಯೊಬ್ಬರೇ. ಮಗು ಹುಟ್ಟಿದ್ದು ಮರುದಿನ, ಸಹಜವಾಗಿಯೇ.

ಒಳಗೆ ನಡೆಯುವುದು ಏನೆಂದು ಗೊತ್ತಿದ್ದರೆ ಬಾಗಿಲು ಬಡಿಯುವ ಕೈ ತಾನಾಗಿ ಇಳಿಯುತ್ತದೆ. ನೋವು ತಾನಾಗಿ ಬರುವವರಲ್ಲಿ ಗರ್ಭಕೋಶದ ಬಾಯಿ ಎಷ್ಟೋ ದಿನ ಮುಂಚಿನಿಂದ, ಮನೆಯಲ್ಲಿ ಓಡಾಡಿಕೊಂಡಿರುವಾಗಲೇ, ಮೆತ್ತಗಾಗುತ್ತ ಬಂದಿರುತ್ತದೆ. ನೋವು ಬರಿಸುವಾಗ ಆ ಕೆಲಸವನ್ನೂ ಆಸ್ಪತ್ರೆಯ ಮಂಚದ ಮೇಲೇ ಆಗಿಸಬೇಕು. ಅದಕ್ಕೇ ಜೆಲ್, ಇಲ್ಲವೇ ಎರಡು ಗಂಟೆಗೊಮ್ಮೆ 25 ಮೈಕ್ರೋಗ್ರಾಂನಷ್ಟು ಮಿಸೊಪ್ರೊಸ್ಟಾಲ್ ಮಾತ್ರೆ, ಇಲ್ಲವೇ ಫೋಲಿ ಕ್ಯಾತಿಟರಿನ ತುದಿಯ ಪುಟ್ಟ ಬಲೂನು. ಬಾಯಿ ಹದಕ್ಕೆ ಬಂದ ಮೇಲೆ ನೀರು ಒಡೆದು, ಆಕ್ಸಿಟೋಸಿನ್ ಡ್ರಿಪ್ ಹಾಕುತ್ತಾರೆ. ನಿಜವಾದ ಹೆರಿಗೆ ನೋವಿನ ಲೆಕ್ಕ ಐದು ಸೆಂಟಿಮೀಟರಿನಿಂದ ಶುರು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು. ಅಲ್ಲಿಂದ ಮುಂದೆಯೂ ಚೊಚ್ಚಲಿಗೆ 12 ಗಂಟೆವರೆಗೆ ಹಿಡಿಯಬಹುದು. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕವನ್ನು ಅದೇ ಸಂಸ್ಥೆ ಕೈಬಿಟ್ಟಿದೆ. ಆ ಸುದ್ದಿ ನಮ್ಮ ಕಾರಿಡಾರುಗಳಿಗೆ ಇನ್ನೂ ತಲುಪಿಲ್ಲ, ಅಷ್ಟೆ.

ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ಏರಿದ್ದ 602 ಗರ್ಭಿಣಿಯರಿಗೆ ನೋವು ಬರಿಸಿ ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಮಾತ್ರೆ ಕೊಟ್ಟವರಲ್ಲಿ 24 ಗಂಟೆಯೊಳಗೆ ಸಹಜ ಹೆರಿಗೆಯಾದದ್ದು ನೂರಕ್ಕೆ 57 ಮಂದಿಗೆ, ಬಲೂನು ಹಾಕಿದವರಲ್ಲಿ 47 ಮಂದಿಗೆ. ನಮ್ಮಂಥದೇ ಜನ, ನಮ್ಮಂಥದೇ ವಾರ್ಡು. ಸಂಜೆಗೇ ಫಲಿತಾಂಶ ಕೇಳುವವರು ಈ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಇನ್ನು, ನೋವು ಬರಿಸಿದರೆ ಸಿಸೇರಿಯನ್ ಗ್ಯಾರಂಟಿ ಎಂಬ ಮಾತು. ಅಮೆರಿಕದಲ್ಲಿ ಬೇರೇನೂ ತೊಂದರೆಯಿಲ್ಲದ 6,106 ಚೊಚ್ಚಲ ಗರ್ಭಿಣಿಯರನ್ನು ಎರಡು ಗುಂಪು ಮಾಡಿ ನೋಡಿದರು. 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಸಿಸೇರಿಯನ್ ಶೇ 18.6, ಕಾದವರಲ್ಲಿ ಶೇ 22.2. ಇದು 2018ರ ಮಾತು. ಆದರೆ ಅಲ್ಲಿನ ಡಾಕ್ಟರುಗಳಿಗೆ ಒಂದು ಸೂಚನೆಯಿತ್ತು: ಬಾಯಿ ಹದವಾಗಿ, ನೀರು ಒಡೆದು, ಡ್ರಿಪ್ ಹಾಕಿದ ಮೇಲೂ ಕನಿಷ್ಠ 12 ಗಂಟೆ ಕಾಯದೆ "ಫೇಲ್" ಎನ್ನಕೂಡದು. ಆ ಕಾಯುವಿಕೆಯನ್ನು ಬಿಟ್ಟು ಔಷಧಿಯನ್ನು ಮಾತ್ರ ತಂದುಕೊಂಡರೆ ಫಲ ಬೇರೆಯೇ ಆದೀತು.

ರೇಷ್ಮೆ ಸಾಕುವ ನಮ್ಮ ಕಡೆಯವರಿಗೆ ಕಾಯುವುದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಸೊಪ್ಪು ಹಾಕದೆ, ತಟ್ಟೆ ಅಲುಗಿಸದೆ, ಮನೆಮಂದಿಯೆಲ್ಲ ಸುಮ್ಮನಿರುತ್ತೀರಿ. ಹುಳುವಿಗೆ ತೋರಿಸುವ ಆ ತಾಳ್ಮೆಯನ್ನು ಮಗಳಿಗೂ ತೋರಿಸಿ.

ಸಿಸೇರಿಯನ್ ಅಂದರೆ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಎಷ್ಟೋ ತಾಯಂದಿರು ಬದುಕಿರುವುದು ಅದರಿಂದಲೇ. ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆ 2015-16ರಲ್ಲಿ ಶೇ 23.6 ಇದ್ದದ್ದು 2019-21ಕ್ಕೆ ಶೇ 31.5 ಆಯಿತು. ಇದರಲ್ಲಿ ನಮ್ಮ ಅವಸರದ ಪಾಲೂ ಇದೆ. ಮೊದಲ ಹೆರಿಗೆಯಲ್ಲಿ ಬಿದ್ದ ಹೊಲಿಗೆ ಎರಡನೆಯದನ್ನೂ ಬಹುಮಟ್ಟಿಗೆ ತೀರ್ಮಾನಿಸಿಬಿಡುತ್ತದೆ. ಹೊಲಿಗೆಯಿರುವ ಗರ್ಭಕೋಶಕ್ಕೆ ಮಿಸೊಪ್ರೊಸ್ಟಾಲ್ ಕೊಡುವಂತಿಲ್ಲ. ತಾಲ್ಲೂಕು ಮಟ್ಟದಲ್ಲಿ ಬಹುತೇಕ ಮತ್ತೆ ಆಪರೇಷನ್ನೇ.

ಇನ್ನೊಂದು ಸಂಗತಿ ನಮ್ಮ ಪದ್ಧತಿಯಿಂದಲೇ ಬಂದದ್ದು. ಗೌರಿಬಿದನೂರಿಗೆ ಕೊಟ್ಟ ಮಗಳು ಹೆರಿಗೆಗೆ ಚಿಂತಾಮಣಿಗೆ ಬರುತ್ತಾಳೆ. ಸೀರೆ, ಬಳೆ, ಮಡಿಲಕ್ಕಿ ಎಲ್ಲ ಬರುತ್ತವೆ. ಮೂರು ತಿಂಗಳೊಳಗೆ ಮಾಡಿಸಿದ ಮೊದಲ ಸ್ಕ್ಯಾನಿಂಗ್ ರಿಪೋರ್ಟು ಮಾತ್ರ ಗಂಡನ ಮನೆಯ ಬೀರುವಿನಲ್ಲಿ ಉಳಿಯುತ್ತದೆ. ದಿನ ಸರಿಯಾಗಿ ಗೊತ್ತಾಗುವುದು ಆ ಕಾಗದದಿಂದ. ಒಂಬತ್ತನೇ ತಿಂಗಳಲ್ಲಿ ಮಾಡಿಸುವ ಸ್ಕ್ಯಾನಿಂಗ್ ಎರಡು ಮೂರು ವಾರ ಆಚೀಚೆ ಹೇಳಬಹುದು. ತೊಂದರೆ ಇಲ್ಲದ ಗರ್ಭಿಣಿಗೆ 41 ವಾರ ತುಂಬಿರುವುದು ಖಚಿತವಾದರೆ ನೋವು ಬರಿಸಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಕಾಗದವೇ ಇಲ್ಲದಿದ್ದರೆ ಡಾಕ್ಟರು ಖಚಿತ ಮಾಡಿಕೊಳ್ಳುವುದು ಯಾವುದರಿಂದ? ತಾಯಿ ಕಾರ್ಡಿನ ಜೊತೆ ಆ ರಿಪೋರ್ಟನ್ನೂ ಬ್ಯಾಗಿಗೆ ಹಾಕಿ ಕಳಿಸಿ, ಬೀಗರೇ.

ಬಿ.ಪಿ. ಏರಿದೆ, ಸಕ್ಕರೆ ಇದೆ, ನೋವಿಲ್ಲದೆ ನೀರು ಒಡೆದಿದೆ, ಮಗುವಿನ ಅಲುಗಾಟ ಕಡಿಮೆಯಾಗಿದೆ ಎಂದಾಗ ಡಾಕ್ಟರು ಬೇಗನೇ ನೋವು ಬರಿಸಬಹುದು. ಅದು ಸರಿ. ಒಳ್ಳೆ ನಕ್ಷತ್ರ, ಅಳಿಯನ ರಜೆ, ಇವಕ್ಕಾಗಿ ಬೇಗ ಬರಿಸಿ ಎಂದು ನಾವು ಕೇಳುವುದು ಸರಿಯಲ್ಲ. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ಮನೆಯಲ್ಲೇ ನುಂಗಿಸುವುದಂತೂ ಬೇಡವೇ ಬೇಡ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮಿಸೊಪ್ರೊಸ್ಟಾಲ್ ಮಾತ್ರೆ 200 ಮೈಕ್ರೋಗ್ರಾಂನದು, ಬೇಕಾದದ್ದರ ಎಂಟು ಪಟ್ಟು. ಇನ್ನು ಆಕ್ಸಿಟೋಸಿನ್. ಹಾಲು ಇಳಿಸಲೆಂದು ಕೆಲವರು ಕದ್ದು ಎಮ್ಮೆಗೆ ಚುಚ್ಚುತ್ತಾರಲ್ಲ, ಅದೇ ಔಷಧಿ. ಅದನ್ನು ಹನಿ ಎಣಿಸಿಕೊಂಡು, ಮಗುವಿನ ಎದೆಬಡಿತ ಕೇಳುತ್ತ ಕೊಡಬೇಕು. ಹೆಚ್ಚಾದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡಿ ಮಗುವಿಗೆ ರಕ್ತ ಹೋಗುವುದೇ ಕಡಿಮೆಯಾಗುತ್ತದೆ.

ಕಾಯಿರಿ ಎಂದವಳೇ ಹೇಳುತ್ತಿದ್ದೇನೆ, ಡಾಕ್ಟರು "ಈಗ ಆಪರೇಷನ್ ಆಗಲೇಬೇಕು" ಎಂದರೆ ಒಂದು ನಿಮಿಷವೂ ಕಾಯಬೇಡಿ. ಎದೆಬಡಿತ ಇಳಿಯಿತು, ರಕ್ತ ಹೋಗುತ್ತಿದೆ ಎಂದ ಮೇಲೆ "ದೊಡ್ಡಪ್ಪ ಬರ್ಲಿ, ಕೇಳಿ ಸೈನ್ ಹಾಕ್ತೀವಿ" ಎನ್ನುವವರನ್ನೂ ನೋಡಿದ್ದೇನೆ. ಸಂಜೆ ಏಳಕ್ಕೆ ಆಪರೇಷನ್ ಮಾಡಿ ಎಂದು ಗಲಾಟೆ ಮಾಡಿದವರೇ ಅವರು. ಪ್ರಾಯಕ್ಕೆ ಬಂದ, ತಾನೇ ತೀರ್ಮಾನಿಸಬಲ್ಲ ರೋಗಿಯ ಒಪ್ಪಿಗೆಯನ್ನು ಆ ರೋಗಿಯಿಂದಲೇ ಪಡೆಯಬೇಕು, ಹೊರಗೆ ಕೂತ ತಾಯಿಯಿಂದ ಅಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಸೈನು ಹುಡುಗಿಯದು. ಅವಳಿಗೆ ವಿಷಯ ಮೊದಲೇ ಬಿಡಿಸಿ ಹೇಳಿರಿ. "ಕಸ ಗುಡಿಸಲಿಲ್ಲ, ಬಗ್ಗಿ ಕೆಲಸ ಮಾಡಲಿಲ್ಲ, ಅದಕ್ಕೇ ನೋವು ಬರಲಿಲ್ಲ" ಎಂಬ ಹಂಗಿಸುವ ಮಾತನ್ನು ಅವಳ ಕಿವಿಗೆ ಹಾಕಬೇಡಿ. ನೋವು ತಾನಾಗಿ ಬಾರದಿರುವುದು ಯಾರ ಸೋಮಾರಿತನವೂ ಅಲ್ಲ.

ಹೊರಗೆ ಗುಂಪಾಗಿ ಕೂರುವ ಬದಲು ಒಬ್ಬರು ಒಳಗಿರಿ. ಹೆರಿಗೆಯ ಹೊತ್ತಿನಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ಹೆತ್ತು ಅನುಭವವಿರುವವರಾದರೆ ಒಳ್ಳೆಯದು. ಒಗೆದ ಬಟ್ಟೆ ಉಟ್ಟಿರಬೇಕು, ನೆಗಡಿ ಕೆಮ್ಮು ಇರಬಾರದು, ಡಾಕ್ಟರ ಕೆಲಸದಲ್ಲಿ ಕೈ ಹಾಕಬಾರದು. ಸೊಂಟ ನೀವಿ, ಗುಟುಕು ನೀರು ಕುಡಿಸಿ, ಎಬ್ಬಿಸಿ ನಾಲ್ಕು ಹೆಜ್ಜೆ ನಡೆಸಿದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ನೂ ಕಡಿಮೆಯಾಗುತ್ತದೆ. ಧೈರ್ಯಸ್ಥ ಅತ್ತಿಗೆಯೋ ಚಿಕ್ಕಮ್ಮನೋ ಯಾರೆಂದು ಎಂಟನೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಿ. ಅಳುವ ಅಮ್ಮ ಹೊರಗಿರಲಿ.

"ಜಾಗವಿಲ್ಲ, ಪಕ್ಕದ ಮಂಚಕ್ಕೆ ಮರೆಯಿಲ್ಲ" ಎಂದು ಸಿಸ್ಟರ್ ಒಳಗೆ ಬಿಡದಿದ್ದರೆ ಅವರ ಮೇಲೆ ಕೂಗಾಡಬೇಡಿ, ಅವರು ಹೇಳುವುದು ನಿಜವಿರುತ್ತದೆ. ನಮ್ಮ ನಾಲ್ಕೂ ಊರುಗಳ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯಲ್ಲಿರುವವರು, ಹುಟ್ಟುಹಬ್ಬಕ್ಕೆ ಒಳರೋಗಿಗಳಿಗೆ ಬ್ರೆಡ್ಡು ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವವರು, ಈ ವರ್ಷ ಆ ದುಡ್ಡಿನಲ್ಲಿ ಎರಡೆರಡು ಮಂಚದ ನಡುವೆ ಎಳೆಯುವ ಪರದೆ ಹಾಕಿಸಿ, ಮಂಚದ ಪಕ್ಕಕ್ಕೊಂದು ಕುರ್ಚಿ ಇಡಿಸಿ.